ಜಾರ್ಜ್ ಆರ್ವೆಲ್

ಜಾರ್ಜ್ ಆರ್ವೆಲ್ (ಜೂನ್ 25, 1903 – ಜನವರಿ 21, 1950) ಇಂಗ್ಲಿಷ್ ಭಾಷೆಯ ಪ್ರಸಿದ್ಧ ಕಾದಂಬರಿಕಾರರು, ಪ್ರಬಂಧಕಾರರು ಮತ್ತು ಪತ್ರಕರ್ತರು. ಇವರ ನಿಜನಾಮ ಎರಿಕ್ ಆರ್ಥರ್ ಬ್ಲೇರ್. 'ಅನಿಮಲ್ ಫಾರ್ಮ್' (1945) ಮತ್ತು 'ನೈಂಟೀನ್ ಎಯ್ಟಿ-ಫೋರ್' (1949) ಇವರ ಮುಖ್ಯ ಕೃತಿಗಳು. ಸ್ಪೇನಿನ ಅಂತರ್ಯುದ್ಧದಲ್ಲಿ ಗಂಟಲಿಗೆ ಗುಂಡೇಟು ತಗುಲಿ ಇವರ ಒಂದು ಧ್ವನಿತಂತು ಚಲನೆ ಕಳೆದುಕೊಂಡಿತು.

ಆರಂಭಿಕ ಜೀವನ

ಆರ್ವೆಲ್ ಬಿಹಾರದ ಮೋತಿಹಾರಿಯಲ್ಲಿ ಜನಿಸಿದರು. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಶಿಶುವಾಗಿದ್ದಾಗಲೇ ತಾಯಿಯೊಡನೆ ಇಂಗ್ಲೆಂಡಿಗೆ ತೆರಳಿ, ಈಟನ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು.

ಗಂಟಲಿನ ಗಾಯ

1936ರ ಡಿಸೆಂಬರಿನಲ್ಲಿ ಸ್ಪೇನಿಗೆ ತೆರಳಿದ ಆರ್ವೆಲ್, ಫ್ರಾಂಕೋನ ಸೇನೆಯ ವಿರುದ್ಧ ಹೋರಾಡುತ್ತಿದ್ದ ಪಿ.ಓ.ಯು.ಎಂ. ಪಕ್ಷದ ಪಡೆಯನ್ನು ಸೇರಿದರು. 1937ರ ಮೇ 20ರ ಮುಂಜಾನೆ, ಹುಯೆಸ್ಕಾ ನಗರದ ಸಮೀಪದ ಕಂದಕದಲ್ಲಿ ಕಾವಲುಗಾರರೊಡನೆ ಮಾತನಾಡುತ್ತಿದ್ದಾಗ ಶತ್ರುಪಕ್ಷದ ಗುಂಡು ಅವರ ಕತ್ತನ್ನು ತೂರಿ ಹೊರಬಿದ್ದಿತು. ಮಿದುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿ ಕೂದಲೆಳೆಯಷ್ಟರಲ್ಲಿ ಪಾರಾದುದರಿಂದ ಜೀವ ಉಳಿಯಿತು. ಆದರೆ ಮಾತನಾಡಲು ಯತ್ನಿಸಿದಾಗ ಸ್ವರ ಹೊರಡಲಿಲ್ಲ.

ಧ್ವನಿಪೆಟ್ಟಿಗೆಯ ಹೆಚ್ಚಿನ ಸ್ನಾಯುಗಳನ್ನು ನಿಯಂತ್ರಿಸುವುದು ರಿಕರೆಂಟ್ ಲ್ಯಾರಿಂಜಿಯಲ್ ನರ. ಒಂದು ಬದಿಯ ನರಕ್ಕೆ ಪೆಟ್ಟಾದರೆ ಆ ಬದಿಯ ಧ್ವನಿತಂತು ನಿಶ್ಚಲವಾಗುತ್ತದೆ. ಎರಡು ತಂತುಗಳು ಸರಿಯಾಗಿ ಕೂಡದೆ, ನಡುವಿನ ಬಿರುಕಿನಿಂದ ಉಸಿರು ಸೋರಿ, ಸ್ವರ ಕ್ಷೀಣವೂ ಕರ್ಕಶವೂ ಆಗುತ್ತದೆ. ಕೆಲವರಲ್ಲಿ ಆರೋಗ್ಯವಾಗಿರುವ ತಂತು ಕ್ರಮೇಣ ನಡುಗೆರೆಯನ್ನು ದಾಟಿ ಬಂದು ಈ ಕೊರತೆಯನ್ನು ತುಂಬುತ್ತದೆ.

ಧ್ವನಿ ಎಂದಿಗೂ ಮರಳದೆಂದು ವೈದ್ಯರೊಬ್ಬರು ತಿಳಿಸಿದ್ದರು. ಬಾರ್ಸಿಲೋನಾದಲ್ಲಿ ಆರ್ವೆಲ್ ವಿದ್ಯುತ್ ಚಿಕಿತ್ಸೆ ಪಡೆದರು. ಅಷ್ಟರಲ್ಲಿ ಅವರ ಪಕ್ಷವನ್ನು ನಿಷೇಧಿಸಿ, ಸದಸ್ಯರನ್ನು ಬಂಧಿಸತೊಡಗಿದುದರಿಂದ, ಜೂನ್ ತಿಂಗಳಲ್ಲಿ ಪತ್ನಿ ಐಲೀನರೊಂದಿಗೆ ಫ್ರಾನ್ಸಿಗೆ ಪಾರಾದರು. ಸುಮಾರು ಎರಡು ತಿಂಗಳು ಪಿಸುಮಾತಿನಲ್ಲೇ ವ್ಯವಹರಿಸಿದ ಬಳಿಕ ಧ್ವನಿ ಮರಳಿತು. ಈ ಅನುಭವಗಳನ್ನು 'ಹೋಮೇಜ್ ಟು ಕ್ಯಾಟಲೋನಿಯಾ' (1938) ಕೃತಿಯಲ್ಲಿ ದಾಖಲಿಸಿದ್ದಾರೆ.

ಬಾನುಲಿ ಸೇವೆ

ಮರಳಿದ ಧ್ವನಿಯಲ್ಲಿ ಹಿಂದಿನ ಬಲವಿರಲಿಲ್ಲ. ಗದ್ದಲವಿರುವೆಡೆ ಅವರ ಮಾತು ಕೇಳಿಸುತ್ತಿರಲಿಲ್ಲವೆಂದು ಪರಿಚಿತರು ಸ್ಮರಿಸಿದ್ದಾರೆ. ಹೀಗಿದ್ದೂ 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಭಾರತದ ಶ್ರೋತೃಗಳಿಗಾಗಿ ಕಾರ್ಯಕ್ರಮಗಳನ್ನು ರೂಪಿಸಿದರು. ಮುಲ್ಕ್ ರಾಜ್ ಆನಂದ್ ಮೊದಲಾದ ಭಾರತೀಯ ಲೇಖಕರು ಇವುಗಳಲ್ಲಿ ಪಾಲ್ಗೊಂಡರು. ಆರ್ವೆಲ್ ಸ್ವತಃ ಸುದ್ದಿ ವಿಮರ್ಶೆಗಳನ್ನು ಓದತೊಡಗಿದಾಗ, ಅವರ ಧ್ವನಿ ಪ್ರಸಾರಕ್ಕೆ ತಕ್ಕುದಲ್ಲವೆಂಬ ಆಕ್ಷೇಪ ಸಂಸ್ಥೆಯೊಳಗೇ ಕೇಳಿಬಂದಿತು.

ನಿಧನ

ಕ್ಷಯರೋಗದಿಂದ ಬಳಲುತ್ತಿದ್ದ ಆರ್ವೆಲ್, 46ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಬಾನುಲಿಯಲ್ಲಿ ದುಡಿದ ಈ ಲೇಖಕರ ಧ್ವನಿಯ ಒಂದು ಮುದ್ರಿಕೆಯೂ ಇದುವರೆಗೆ ದೊರೆತಿಲ್ಲ.