ಕುಂಬಾರ ಗುಂಡಯ್ಯ

ಬೀದರ ಜಿಲ್ಲೆಯ ಭಾಲ್ಕಿಗೆ ಹಿಂದೆ ಭಲ್ಲುಕೆ ಎಂಬ ಹೆಸರಿತ್ತು. ಅಲ್ಲಿ ಮಡಕೆ ಮಾಡಿ ಬಾಳಿದವನು ಗುಂಡಯ್ಯ. ಅವನ ಮಡದಿ ಕೇತಲದೇವಿ. ಇವರನ್ನು 12ನೆಯ ಶತಮಾನದ ಶಿವಶರಣರ ಸಾಲಿನಲ್ಲಿ ಎಣಿಸುತ್ತಾರೆ. ಬಸವಣ್ಣನವರ ಕಲ್ಯಾಣವೂ ಅದೇ ಸೀಮೆಯದು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಕೆರ ಹೊಲಿಯುವ ಹರಳಯ್ಯ ಮೊದಲಾದವರು ತಮ್ಮ ಕಾಯಕದ ಹೆಸರಿನಿಂದಲೇ ಗೌರವ ಪಡೆದ ಕಾಲವದು.

ಗುಂಡಯ್ಯನ ಕಥೆಯನ್ನು ತಿಳಿಯಬೇಕಾದರೆ ಅವನ ಕೆಲಸವನ್ನು ಮೊದಲು ತಿಳಿಯಬೇಕು. ಕೆರೆಯ ಅಂಗಳದ ಜೇಡಿಮಣ್ಣನ್ನು ತಂದು, ಕಲ್ಲು ಕಸ ತೆಗೆದು, ನೀರು ಬೆರೆಸಿ, ಹದ ಬರುವವರೆಗೆ ತುಳಿಯಬೇಕು. ತಿಗುರಿಯ ಮೇಲೆ ಎತ್ತಿದ ಮಡಕೆಯನ್ನು ದಾರದಿಂದ ಕೊಯ್ದು ತೆಗೆದು, ಅರ್ಧ ಆರಿದ ಮೇಲೆ ಹಲಗೆಯಿಂದ ತಟ್ಟಿ ತಟ್ಟಿ ಮೈ ತೆಳುವಾಗಿಸಬೇಕು. ಕೊನೆಗೆ ಆವಿಗೆಯಲ್ಲಿ ಸೌದೆ, ಹುಲ್ಲುಗಳನ್ನು ಒಟ್ಟಿ ಸುಡಬೇಕು. ಇದು ಒಬ್ಬನಿಂದಾಗುವ ಕೆಲಸವಲ್ಲ, ಮನೆಮಂದಿಯೆಲ್ಲ ಕೈಗೂಡಿಸಬೇಕು. ಉಡುಪಿ, ಉದ್ಯಾವರಗಳ ಕಡೆ ಕುಲಾಲರೆನಿಸಿಕೊಂಡ ಕುಂಬಾರರಿಗೂ ಈ ಕಷ್ಟ ಹೊಸದಲ್ಲ. ಮಡಕೆಯಲ್ಲಿ ತುಸು ಪಸೆ ಉಳಿದಿದ್ದರೂ ಬೆಂಕಿಯಲ್ಲಿ ಅದು ಸಿಡಿದು, ಹಲವು ದಿನಗಳ ದುಡಿಮೆ ಬೂದಿಯ ಪಾಲಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಜೊತೆಗೆ ಬೆಂಕಿಯನ್ನೂ ಸೇರಿಸಬಹುದಾಗಿತ್ತು! ಆವಿಗೆ ಬಿಚ್ಚಿದ ಮೇಲೆ ಕುಂಬಾರನು ಒಂದೊಂದು ಮಡಕೆಯನ್ನೂ ಬೆರಳಿನಿಂದ ಬಡಿದು ದನಿ ಕೇಳುತ್ತಾನೆ. ಚೆನ್ನಾಗಿ ಬೆಂದುದು ಕಣಕಣನೆ ನುಡಿಯುತ್ತದೆ. ಬಿರುಕು ಬಿಟ್ಟುದು ಮಂಕಾಗಿ ಸದ್ದು ಮಾಡುತ್ತದೆ.

ಈ ಬಡಿತವೇ ಗುಂಡಯ್ಯನಿಗೆ ಪೂಜೆಯಾಯಿತು. ಸುಮಾರು 1200ರ ಹೊತ್ತಿಗೆ ಹಂಪೆಯಲ್ಲಿದ್ದ ಹರಿಹರ ಕವಿ ತನ್ನ ರಗಳೆಯಲ್ಲಿ ಆ ಕಥೆಯನ್ನು ಹೇಳಿದ್ದಾನೆ. ಮಡಕೆಯ ಕೆಲಸವನ್ನೇ ಅವನು ಶಿವಯೋಗವೆಂದು ಕಂಡು ವರ್ಣಿಸುತ್ತಾನೆ. ಗುಂಡಯ್ಯನು ಭಕ್ತಿಪರವಶನಾಗಿ ಘಟವನ್ನು ಬಾರಿಸತೊಡಗಲು, ಅದರ ನಾದವು ಕೈಲಾಸಕ್ಕೆ ಮುಟ್ಟಿತು. ಶಿವನು ಸುಮ್ಮನಿರಲಾರದೆ ಭೂಮಿಗಿಳಿದು ಬಂದು, ಆ ಬಡಿತಕ್ಕೆ ಹೆಜ್ಜೆಯಿಟ್ಟು ಕುಣಿದನು. ಭಕ್ತನು ದೇವರಿದ್ದೆಡೆಗೆ ಹೋಗುವ ಕಥೆಗಳು ಬೇಕಾದಷ್ಟಿವೆ. ಇಲ್ಲಿ ನಾಟ್ಯಕ್ಕೆ ಒಡೆಯನಾದವನೇ ಕುಂಬಾರನ ತಾಳಕ್ಕೆ ಒಳಗಾದನು. ಇದು ಕವಿಯ ಕಥನ. ಶಾಸನದಂತೆ ಇದನ್ನು ಅಳೆಯಲಾಗದು. ಆದರೆ ಅರಸರ ಹೊಗಳಿಕೆಗೆ ಕಾವ್ಯಗಳು ಮೀಸಲಾಗಿದ್ದ ದಿನಗಳಲ್ಲಿ ಒಬ್ಬ ಕವಿ ಮಣ್ಣು ಮೆತ್ತಿದ ಕೈಗಳನ್ನು ಕುರಿತು ಬರೆದನೆಂಬುದು ಸಣ್ಣ ಸಂಗತಿಯಲ್ಲ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ ತನ್ನ ಬಸವಪುರಾಣದಲ್ಲಿ ಗುಂಡಯ್ಯನನ್ನು ನೆನೆದಿದ್ದಾನೆ.

ಗುಂಡಯ್ಯನ ವಚನಗಳು ನಮಗೆ ದೊರೆತಿಲ್ಲ. ಕೇತಲದೇವಿಯದು ಒಂದು ದೊರೆತಿದೆ. ಅದರ ಅಂಕಿತ ಕುಂಭೇಶ್ವರ. ಹದವಾದ ಮಣ್ಣಿಲ್ಲದೆ ಮಡಕೆ ಮೂಡದೆಂದು ತೊಡಗಿ, ವ್ರತವಿಲ್ಲದವರ ಸಂಗವನ್ನು ಅವಳು ಅದರಲ್ಲಿ ನಿರಾಕರಿಸುತ್ತಾಳೆ. ಮಣ್ಣಿನ ಹದವನ್ನು ಅವಳು ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ.