ಆನಾ ಲಿಯೋನೋವೆನ್ಸ್ ಎಂಬ ಉಪಾಧ್ಯಾಯಿನಿಯ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿ, ತರಬೇತಿ ಹೊಂದಿ, ಉಪಾಧ್ಯಾಯಿನಿಯರಾಗಿ ಹೊರದೇಶಗಳಿಗೆ ಹೊರಡುವ ಹೆಣ್ಣುಮಕ್ಕಳು ಪ್ರಯಾಣಕ್ಕೆ ಮುಂಚೆ ನಮ್ಮನ್ನು ಕಂಡು ಹೋಗುವುದುಂಟು. ವಾಸಕ್ಕೆ ಮನೆಯನ್ನು ಕೆಲಸ ಕೊಟ್ಟವರೇ ಒದಗಿಸುವರಂತೆ, ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂದು ಅವರೂ ಅವರ ತಾಯಂದಿರೂ ಕೇಳುತ್ತಾರೆ. ಹಾಸಿಗೆ, ಪಾತ್ರೆ, ಔಷಧಿ, ಉಪ್ಪಿನಕಾಯಿಗಳ ಪಟ್ಟಿಯನ್ನು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಆದಕಾರಣ ನಾವು ಪಟ್ಟಿಯನ್ನು ಕೊಡದೆ, ಇಂಥ ಪ್ರಯಾಣವನ್ನು ಬಹುಕಾಲದ ಹಿಂದೆ ಮಾಡಿದ ಒಬ್ಬ ಉಪಾಧ್ಯಾಯಿನಿಯ ಚರಿತ್ರೆಯನ್ನು ಹೇಳಬಯಸುತ್ತೇವೆ.

ಆನಾ 1831ನೆಯ ಇಸವಿ ನವೆಂಬರಿನಲ್ಲಿ ಮುಂಬಯಿ ಪ್ರಾಂತದ ಅಹಮದ್‌ನಗರದಲ್ಲಿ ಹುಟ್ಟಿದಳು. ತಂದೆಯಾದ ಥಾಮಸ್ ಎಡ್ವರ್ಡ್ಸ್ ಮರಗೆಲಸ ಬಲ್ಲವನು. ಕಂಪೆನಿಯ ಸೈನ್ಯದಲ್ಲಿ ಸಾರ್ಜೆಂಟನಾಗಿದ್ದವನು. ಮಗಳು ಹುಟ್ಟುವುದಕ್ಕೆ ಮೊದಲೇ ಅವನು ತೀರಿಕೊಂಡನು. ತಾಯಿಯ ಕಡೆಯಿಂದ ಆಕೆಯಲ್ಲಿ ಭಾರತೀಯ ರಕ್ತವೂ ಇದ್ದಿತೆಂದು ಸಂಶೋಧಕರು ಎಣಿಸುತ್ತಾರೆ. ಸಿಪಾಯಿಗಳ ವಸತಿಗಳಲ್ಲಿ ಬಡತನದಲ್ಲಿ ಬೆಳೆದ ಈ ಹುಡುಗಿಯು 1849ರಲ್ಲಿ ಥಾಮಸ್ ಓವೆನ್ಸ್ ಎಂಬ ಗುಮಾಸ್ತನನ್ನು ಮದುವೆಯಾಗಿ, ಕೆಲವು ವರ್ಷಗಳ ತರುವಾಯ ಅವನೊಡನೆ ಆಸ್ಟ್ರೇಲಿಯಕ್ಕೆ ಹೋದಳು. ಮೊದಲಿನ ಇಬ್ಬರು ಮಕ್ಕಳು ಎಳೆವಯಸ್ಸಿನಲ್ಲಿಯೇ ತೀರಿಹೋದರು. ಆಮೇಲೆ ಏವಿಸ್ ಎಂಬ ಮಗಳೂ ಲೂಯಿ ಎಂಬ ಮಗನೂ ಹುಟ್ಟಿದರು. 1859ರಲ್ಲಿ ಪಿನಾಂಗಿನಲ್ಲಿ ಗಂಡನು ಮೃತನಾದಾಗ ಆಕೆಗೆ ಇನ್ನೂ ಇಪ್ಪತ್ತೇಳು ವರ್ಷ.

ಎರಡು ಕೂಸುಗಳನ್ನು ಕಟ್ಟಿಕೊಂಡ ವಿಧವೆಗೆ ಇದ್ದ ಆಸ್ತಿಯೆಂದರೆ ವಿದ್ಯೆಯೊಂದೇ. ಸಿಂಗಪುರದಲ್ಲಿ ಆಕೆಯು ಅಧಿಕಾರಿಗಳ ಮಕ್ಕಳಿಗಾಗಿ ಒಂದು ಚಿಕ್ಕ ಶಾಲೆಯನ್ನು ನಡೆಸಿದಳು. ಅದರಿಂದ ಸಂಸಾರ ಸಾಗಲಿಲ್ಲ. ಹೀಗಿರುವಾಗ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ದೊರೆಯಾದ ಮೊಂಗ್‌ಕುಟನು ತನ್ನ ಅರಮನೆಯ ಮಕ್ಕಳಿಗೂ ಸ್ತ್ರೀಯರಿಗೂ ಇಂಗ್ಲಿಷ್ ಕಲಿಸತಕ್ಕ ಉಪಾಧ್ಯಾಯಿನಿಯನ್ನು ಹುಡುಕಿಸುತ್ತಿದ್ದನು. ಈ ದೊರೆಯು ಪಟ್ಟಕ್ಕೆ ಬರುವ ಮುಂಚೆ 27 ವರ್ಷಕಾಲ ಬೌದ್ಧ ಭಿಕ್ಷುವಾಗಿದ್ದು, ಲ್ಯಾಟಿನನ್ನೂ ಇಂಗ್ಲಿಷನ್ನೂ ಖಗೋಲಶಾಸ್ತ್ರವನ್ನೂ ಕಲಿತ ವಿದ್ವಾಂಸನು. ತಿಂಗಳಿಗೆ ನೂರು ಡಾಲರು ಸಂಬಳ, ಅರಮನೆಯ ಸಮೀಪದಲ್ಲಿ ವಾಸಕ್ಕೆ ಮನೆ, ಮತಬೋಧನೆ ಮಾತ್ರ ಕೂಡದು ಎಂಬ ಕರಾರಿನ ಮೇಲೆ ಆನಾ ಒಪ್ಪಿಕೊಂಡಳು. ಏವಿಸಳನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿ, ಐದು ವರ್ಷದ ಲೂಯಿಯನ್ನು ಕರೆದುಕೊಂಡು, 1862ರ ಮಾರ್ಚಿಯಲ್ಲಿ ಬ್ಯಾಂಕಾಕನ್ನು ಸೇರಿದಳು. ಜೊತೆಯಲ್ಲಿ ಆಯಾ, ಪಾರಸಿ ಕಲಿಸುವ ಮುನ್ಶಿ, ಒಂದು ದೊಡ್ಡ ನಾಯಿ ಇದ್ದುವೆಂದು ತನ್ನ ಪುಸ್ತಕದಲ್ಲಿ ಬರೆದಿರುತ್ತಾಳೆ.

ಹಡಗಿನಿಂದ ಇಳಿದ ಸಾಯಂಕಾಲ ಕರಾರಿನ ಮನೆಯು ಎಲ್ಲಿಯೂ ಇರಲಿಲ್ಲ. ಆಕೆಯ ಪುಸ್ತಕವು ಹೇಳುವಂತೆ, ಬಂದರಿನ ಅಧಿಕಾರಿಯು ಆ ರಾತ್ರಿ ತನ್ನ ಮನೆಯಲ್ಲಿ ಸ್ಥಳ ಕೊಟ್ಟನು. ಆಮೇಲೆ ಪ್ರಧಾನಮಂತ್ರಿಯ ಬಿಡಾರದಲ್ಲಿ ಅತಿಥಿಯಾಗಿ ಕಾಯಬೇಕಾಯಿತು. ಅರಮನೆಯ ಒಳಗೇ ವಾಸಮಾಡಬೇಕೆಂದು ದೊರೆಯ ಅಪೇಕ್ಷೆ. ಸಂಜೆಯಾದರೆ ಮುಚ್ಚುವ ಬಾಗಿಲುಗಳ ಒಳಗೆ ತಾನಿರಲಾರೆನೆಂದು ಆಕೆಯು ಬಿನ್ನವಿಸಿದಳು. ಮೊದಲು ತೋರಿಸಿದ ಮನೆಯು ಮೀನುಪೇಟೆಯ ಬಳಿ ಹೊಲಸಿನ ನಡುವೆ ಇತ್ತು, ಅಲ್ಲಿಂದ ಹಿಂದಿರುಗಿದಳು. ಗದ್ದಲವೆಬ್ಬಿಸದೆ, ಕೆಲಸವನ್ನೂ ಬಿಡದೆ, ಕರಾರಿನ ಮಾತನ್ನು ಮತ್ತೆ ಮತ್ತೆ ನೆನಪಿಗೆ ತಂದಳು. ಕಡೆಗೆ ಅರಮನೆಯ ಹೊರಗೆ ಮನೆಯು ದೊರೆಯಿತು.

ಐದು ವರ್ಷಗಳಿಗೂ ಮಿಕ್ಕು ಆಕೆಯು ರಾಜಪುತ್ರರಿಗೂ ರಾಜಪುತ್ರಿಯರಿಗೂ ಪಾಠ ಹೇಳಿದಳು. ಮುಂದೆ ದೊರೆಯಾಗಿ ದಾಸ್ಯವನ್ನು ಹಂತಹಂತವಾಗಿ ತೆಗೆದುಹಾಕಿದ ಚುಲಾಲಾಂಗ್‌ಕಾರ್ನನು ಆ ಮಕ್ಕಳಲ್ಲೊಬ್ಬನು. ದೊರೆಯ ಇಂಗ್ಲಿಷ್ ಪತ್ರಗಳ ಕೆಲಸವೂ ಹೆಗಲೇರಿತು, ಆರೋಗ್ಯವು ಕೆಟ್ಟಿತು. 1867ರಲ್ಲಿ ರಜೆ ಪಡೆದು ಹೊರಟಳು. ಮರುವರ್ಷ ಮೊಂಗ್‌ಕುಟನು ತೀರಿಕೊಂಡನು. ಎಳೆಯ ದೊರೆಯು ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಆಕೆಯು ಅಮೆರಿಕದಲ್ಲಿ ಶಾಲೆ ನಡೆಸಿ, 1870ರಲ್ಲಿ ಸಯಾಮಿನ ಅನುಭವದ ಪುಸ್ತಕವನ್ನು ಪ್ರಕಟಿಸಿ ಪ್ರಸಿದ್ಧಳಾದಳು. ಕೆನಡದ ಹ್ಯಾಲಿಫ್ಯಾಕ್ಸಿನಲ್ಲಿ 1887ರಲ್ಲಿ ಕಲಾಶಾಲೆಯನ್ನು ಸ್ಥಾಪಿಸಿದವರಲ್ಲಿ ಮುಖ್ಯಳಾದಳು. ಅದು ಇಂದು ವಿಶ್ವವಿದ್ಯಾನಿಲಯವಾಗಿದೆ. ಸ್ತ್ರೀಯರ ಮತದ ಹಕ್ಕಿಗಾಗಿಯೂ ದುಡಿದಳು. 1897ರಲ್ಲಿ ಲಂಡನ್ನಿನಲ್ಲಿ ತನ್ನ ಶಿಷ್ಯನಾದ ದೊರೆಯನ್ನು ಮತ್ತೊಮ್ಮೆ ಕಂಡಳು. 1915ರ ಜನವರಿ 19ರಂದು ಮಾಂಟ್ರಿಯಲಿನಲ್ಲಿ ಮೃತಳಾದಳು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆಯು ಇಂಪಾಗಿರುವುದು. ಸತ್ಯವು ಮಾತ್ರ ಪೂರ್ಣವಾಗದು. ಆನಾ ತಾನು ವೇಲ್ಸ್ ದೇಶದಲ್ಲಿ ಹುಟ್ಟಿದವಳೆಂದೂ ತನ್ನ ಗಂಡನು ಸೈನ್ಯದ ಮೇಜರನೆಂದೂ ಲೋಕಕ್ಕೆ ಹೇಳಿದಳು. ಅಹಮದ್‌ನಗರವನ್ನು ಮರೆಮಾಡಿ, ಒಡಹುಟ್ಟಿದ ಅಕ್ಕನ ಸಂಬಂಧವನ್ನೂ ಕಡಿದುಕೊಂಡಳು. ಸತ್ಯವು ಹೊರಬಿದ್ದದ್ದು ಆಕೆ ತೀರಿಕೊಂಡು ಅರುವತ್ತು ವರ್ಷಗಳ ಮೇಲೆ, 1970ರ ದಶಕದಲ್ಲಿ. ಆಕೆಯ ಪುಸ್ತಕಗಳಲ್ಲಿಯೂ ಕಲ್ಪನೆಯು ಬೆರೆತಿದೆಯೆಂದು ವಿದ್ವಾಂಸರು ತೋರಿಸಿರುತ್ತಾರೆ. ತಮ್ಮ ದೊರೆಗೆ ಅನ್ಯಾಯವಾಯಿತೆಂದು ಥಾಯ್ ಜನರು ನೊಂದುಕೊಂಡಿದ್ದಾರೆ.

ನಾವು ಆಕೆಯನ್ನು ಕಠಿಣವಾಗಿ ತೂಗಲಾರೆವು. ಆ ಕಾಲದಲ್ಲಿ ಮಿಶ್ರರಕ್ತದವಳೆಂದು ತಿಳಿದರೆ ದೊಡ್ಡವರ ಮನೆಯ ಬಾಗಿಲು ಆಕೆಗೆ ತೆರೆಯುತ್ತಿರಲಿಲ್ಲ. ಬಾಗಿಲು ತೆರೆಯದಿದ್ದರೆ ಮಕ್ಕಳಿಗೆ ಅನ್ನವಿರಲಿಲ್ಲ. ಆದರೆ ಐವತ್ತಕ್ಕೂ ಹೆಚ್ಚು ವರ್ಷ, ಸ್ವಂತ ಮಕ್ಕಳ ಎದುರಿನಲ್ಲಿಯೂ, ಆ ಗುಟ್ಟನ್ನು ಕಾಯುವುದು ಎಷ್ಟು ಭಾರವಾಗಿದ್ದಿರಬೇಕು!

ಹೊರಡುವ ನಮ್ಮ ಮಕ್ಕಳೇ, ನಿಮಗೆ ಹೇಳುವುದಿಷ್ಟೆ. ಕೊಡುವ ಮನೆಯು ಎಲ್ಲಿದೆ, ಅದರಲ್ಲಿ ಏನಿದೆ, ನಿಮ್ಮೊಡನೆ ಯಾರಿರುವರು, ಬೀಗದ ಕೈ ಯಾರ ಬಳಿ ಇರುವುದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆದು, ಆ ಕಾಗದವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಅದರ ನಕಲನ್ನು ಮನೆಯಲ್ಲಿ ಬಿಟ್ಟುಹೋಗಿರಿ. ಮೊದಲಿನ ಕೆಲವು ರಾತ್ರಿಗಳ ವಸತಿಗೂ ಹಿಂದಿರುಗುವ ಪ್ರಯಾಣಕ್ಕೂ ಸಾಲುವಷ್ಟು ಹಣವು ನಿಮ್ಮದೇ ಆಗಿರಲಿ. ಆ ದೇಶದ ಜನರ ವಿಷಯವಾಗಿ ಊರಿಗೆ ಬರೆಯುವಾಗ ಕಂಡದ್ದನ್ನಷ್ಟೇ ಬರೆಯಿರಿ. ಎಲ್ಲಿಯವಳೆಂದು ಯಾರಾದರೂ ಕೇಳಿದರೆ ನಿಮ್ಮ ಊರಿನ ಹೆಸರನ್ನೂ ತಾಯಿತಂದೆಯರ ಹೆಸರನ್ನೂ ತಲೆಯೆತ್ತಿ ಹೇಳಿರಿ. ಆನಾಳಿಗೆ ಆ ಭಾಗ್ಯವಿರಲಿಲ್ಲ. ನಿಮಗೆ ಇದೆ.