ಬೋಧಕನಾಗಿದ್ದ ಪ್ರಾಂತಾಧಿಕಾರಿ: ಜಾನ್‌ಬೋನ್ ಸಾಂತಾಂದ್ರೆ

ಫ್ರಾನ್ಸ್ ದೇಶದ ರಾಜ್ಯಕ್ರಾಂತಿಯ ಚರಿತ್ರೆಯಲ್ಲಿ ಪ್ರಸಿದ್ಧನಾದ ಒಬ್ಬನು ಮೊದಲು ಪ್ರಾಟೆಸ್ಟಂಟ್ ಸಭೆಯ ಬೋಧಕನಾಗಿದ್ದನೆಂಬದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿಯದು. ಅವನ ಜೀವಿತವನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಜಾನ್‌ಬೋನನು 1749ನೇ ಇಸವಿಯಲ್ಲಿ ಮೊಂತೋಬಾನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ಉಣ್ಣೆಯ ಬಟ್ಟೆಗಳನ್ನು ತುಳಿದು ಹದಮಾಡುವ ಕೆಲಸದವನು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅರಸನು ಪ್ರಾಟೆಸ್ಟಂಟರಿಗಿದ್ದ ಹಕ್ಕುಗಳನ್ನು ರದ್ದುಮಾಡಿದ್ದನು. ಆದಕಾರಣ ಅವರ ಬೋಧಕರು ಮಾಡಿಸಿದ ಮದುವೆಗೆ ಕಾನೂನಿನ ಮಾನ್ಯತೆಯಿರಲಿಲ್ಲ. ಆರಾಧನೆಗೆ ಅಡವಿಗಳಲ್ಲಿ ಗುಪ್ತವಾಗಿ ಕೂಡಬೇಕಾಗಿತ್ತು. ಜಾನ್‌ಬೋನನು ಮೊದಲು ವ್ಯಾಪಾರದ ಹಡಗುಗಳಲ್ಲಿ ದುಡಿದು, ಹಡಗೊಡೆತದಿಂದ ನಷ್ಟಪಟ್ಟು, ಆಮೇಲೆ ಲೊಸಾನ್ ಪಟ್ಟಣದಲ್ಲಿ ವೇದಶಾಸ್ತ್ರವನ್ನು ಕಲಿತು 1773ರಲ್ಲಿ ಬೋಧಕನಾದನು. ಪ್ರಾಟೆಸ್ಟಂಟರ ಜನನ ಮದುವೆಗಳನ್ನು ದಾಖಲು ಮಾಡಲು ಅರಸನಿಂದ ಅಪ್ಪಣೆಯಾದದ್ದು 1787ರಲ್ಲಿಯೇ.

1790ರ ಮೇ 10ರಂದು ಮೊಂತೋಬಾನಿನಲ್ಲಿ ಮತದ್ವೇಷದ ದಂಗೆಯೆದ್ದು ರಕ್ತಪಾತವಾಯಿತು. ಅವನು ಊರು ಬಿಟ್ಟು ಓಡಿದನು. ತಿರಿಗಿ ಬಂದ ಮೇಲೆ ಪುರಸಭೆಯಲ್ಲಿ ಅಧಿಕಾರ ಪಡೆದನು. 1792ರಲ್ಲಿ ರಾಷ್ಟ್ರಸಭೆಗೆ ಆರಿಸಲ್ಪಟ್ಟು, ಅರಸನ ಮರಣದಂಡನೆಗೆ ಸಮ್ಮತಿ ಕೊಟ್ಟನು. 1793ರಲ್ಲಿ ದೇಶವನ್ನೇ ನಡುಗಿಸಿದ ಸಾರ್ವಜನಿಕ ರಕ್ಷಣಾ ಸಮಿತಿಯಲ್ಲಿ ಸೇರಿದನು. ಬ್ರೆಸ್ತ್ ರೇವಿನಲ್ಲಿ ಕೆಟ್ಟುಹೋಗಿದ್ದ ನೌಕಾಬಲವನ್ನು ಎಬ್ಬಿಸಿ ನಿಲ್ಲಿಸಿದನೆಂಬದು ನಿಜ. ಅಲ್ಲಿಯೇ ತಲೆ ಕಡಿಸುವ ನ್ಯಾಯಸ್ಥಾನವನ್ನು ಸ್ಥಾಪಿಸಿದನೆಂಬದೂ ನಿಜ. ತಾನೇ ಹಿಂಸೆಯನ್ನು ಕಂಡವನು ಹೀಗೆ ಮಾಡಿದ್ದನ್ನು ನಾವು ಸಮರ್ಥಿಸಲಾರೆವು. 1794ರ ಜೂನ್ 1ರಂದು ಇಂಗ್ಲಿಷರೊಡನೆ ನಡೆದ ಸಮುದ್ರಯುದ್ಧದಲ್ಲಿ ಅವನು ಮುಖ್ಯ ಹಡಗಿನಲ್ಲಿದ್ದನು. ಫ್ರೆಂಚರು ಏಳು ಹಡಗುಗಳನ್ನು ಕಳಕೊಂಡರು. ಆದರೂ ಹಸಿದ ಜನರಿಗಾಗಿ ಅಮೇರಿಕದಿಂದ ಬರುತ್ತಿದ್ದ ಧಾನ್ಯದ ಹಡಗುಗಳು ಸುಖವಾಗಿ ದಡ ಸೇರಿದವು.

1795ರಲ್ಲಿ ಅವನೇ ಸೆರೆಯಾಗಿ, ಕ್ಷಮಾಪಣೆಯಿಂದ ಬಿಡುಗಡೆ ಹೊಂದಿದನು. ತರುವಾಯ ಸ್ಮುರ್ನದಲ್ಲಿ ರಾಯಭಾರದ ಕೆಲಸದಲ್ಲಿರುವಾಗ—ಪ್ರಕಟನೆಯ ಗ್ರಂಥದ ಏಳು ಸಭೆಗಳಲ್ಲೊಂದಿದ್ದ ಸ್ಮುರ್ನವೇ ಇದು—ನೆಪೋಲಿಯನನು ಐಗುಪ್ತದ ಮೇಲೆ ದಂಡೆತ್ತಿದ್ದರಿಂದ ತುರ್ಕರು ಇವನನ್ನು ಹಿಡಿದು ಸುಮಾರು ಮೂರು ವರುಷ ಸೆರೆಯಲ್ಲಿಟ್ಟರು.

ಬಿಡುಗಡೆಯಾದ ಮೇಲೆ, 1801ರ ಅಂತ್ಯದಲ್ಲಿ, ನೆಪೋಲಿಯನನು ಅವನನ್ನು ರೈನ್ ನದಿಯ ದಡದ ಮೈಂಟ್ಸ್ ಪಟ್ಟಣಕ್ಕೆ ಪ್ರಾಂತಾಧಿಕಾರಿಯಾಗಿ ಕಳುಹಿಸಿದನು. ಆ ಪ್ರಾಂತದ ಹೆಸರಿಗೆ ಗುಡುಗಿನ ಬೆಟ್ಟವೆಂದು ಅರ್ಥ. ಅಲ್ಲಿನವರು ಜರ್ಮನ್ ಭಾಷೆಯವರು, ಫ್ರೆಂಚರಿಗೆ ಹೊಸದಾಗಿ ಅಧೀನರಾದವರು. ಆದರೂ ಹನ್ನೆರಡು ವರುಷಗಳಲ್ಲಿ ಅವನು ಅವರ ಮನ್ನಣೆಗೆ ಪಾತ್ರನಾದನು. ದಾರಿಹೋಕರನ್ನು ಸುಲಿಯುತ್ತಿದ್ದ ಶಿಂಡರ್‌ಹಾನೆಸ್ ಎಂಬ ಕಳ್ಳರ ನಾಯಕನಿಗೆ 1803ರಲ್ಲಿ ಅಲ್ಲಿಯೇ ಶಿಕ್ಷೆಯಾಯಿತು. ಅದೇ ವರುಷ ಪಟ್ಟಣದ ಹೊರಗೆ ಹೊಸ ಸ್ಮಶಾನ ಭೂಮಿಯನ್ನು ತೆರೆಯಿಸಿದನು.

1813ರ ಅಕ್ಟೋಬರಿನಲ್ಲಿ ಲೈಪ್ಸಿಗ್ ಯುದ್ಧದಲ್ಲಿ ಸೋತ ಫ್ರೆಂಚ್ ಸೈನ್ಯವು ಮೈಂಟ್ಸಿಗೆ ಹಿಂದೆಗೆದು ಬಂತು. ಹೇನುಗಳಿಂದ ಹರಡುವ ಟೈಫಸ್ ಜ್ವರವೂ ಅದರೊಂದಿಗೆ ಬಂತು. ಆ ಕಾಲದ ವೈದ್ಯರಿಗೆ ಅದರ ಕಾರಣ ಗೊತ್ತಿರಲಿಲ್ಲ. ಸೈನಿಕರೂ ಪಟ್ಟಣದವರೂ ಸಾವಿರಾರು ಮಂದಿ ಸತ್ತರು. ಅಧಿಕಾರಿಯಾದವನು ದೂರವಿದ್ದು ಅಪ್ಪಣೆ ಕೊಡಬಹುದಾಗಿತ್ತು. ಅರುವತ್ತನಾಲ್ಕು ವಯಸ್ಸಿನ ಜಾನ್‌ಬೋನನು ರೋಗಿಗಳ ಬಳಿಗೆ ತಾನೇ ಹೋಗಿ ಅವರ ಆರೈಕೆಯನ್ನು ನೋಡಿಕೊಳ್ಳುತ್ತಾ, ಅದೇ ಜ್ವರ ತಗಲಿ ಡಿಸೆಂಬರ್ 10ರಂದು ತೀರಿಕೊಂಡನು. ಹತ್ತು ವರುಷಗಳ ಹಿಂದೆ ತಾನೇ ತೆರೆಯಿಸಿದ್ದ ಸ್ಮಶಾನದಲ್ಲಿ ಅವನನ್ನು ಹೂಣಿಟ್ಟರು.